ಕಾಶಿಯಲ್ಲಿ ಚಟ್ಲಿ ಬಿಡದವಳು

ಕಾಶಿಗೆ ಹೋದವರು ತಮಗೆ ಇಷ್ಟವಾದ ಒಂದು ತಿನಿಸನ್ನು ಅಲ್ಲೇ ಬಿಟ್ಟು ಬರಬೇಕೆಂಬುದು ನಮ್ಮ ಕಡೆಯ ರೂಢಿ. ನಾನು ಹೊರಡುವಾಗಲೂ ಅತ್ತೆ ಕೇಳಿದ್ದರು, "ನೀ ಎಂತ ಬಿಡ್ತೆ?" "ಹಾಗಲಕಾಯಿ" ಎಂದಿದ್ದೆ. ಇಷ್ಟವಿಲ್ಲದ್ದನ್ನು ಬಿಟ್ಟರೆ ಯಾವ ಪುಣ್ಯವೂ ಬಾರದೆಂದು ಬೈಸಿಕೊಂಡೆ. ಕುಂದಾಪುರದ ಕಡಲ ಬದಿಯಲ್ಲಿ ಹುಟ್ಟಿದ ನಾನು ಚಟ್ಲಿಯನ್ನು, ಅಂದರೆ ಸಿಗಡಿಯನ್ನು, ಸಾಕ್ಷಾತ್ ವಿಶ್ವನಾಥ ಕೇಳಿದರೂ ಬಿಡುವವಳಲ್ಲ.

ತೊಂಬತ್ತರ ದಶಕದ ಆರಂಭ. ಗಂಡನಿಗೆ ಕಾಶಿಯ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಯ ಕೆಲಸ. ಬಂಗಾಲಿ ಟೋಲಾದಲ್ಲಿ ಒಬ್ಬ ಬಂಗಾಲಿ ಅಜ್ಜಿಯ ಮನೆಯ ಮಹಡಿಯಲ್ಲಿ ನಮ್ಮ ಬಿಡಾರ. ಎರಡು ವರ್ಷದಿಂದ ಊರಿಗೆ ಹೋಗಿರಲಿಲ್ಲ. ಅಮ್ಮ ಮಸಾಲೆ ಹಚ್ಚಿ, ಬಾಳೆಲೆಯಲ್ಲಿ ಕಟ್ಟಿ, ಹಬೆಯಲ್ಲಿ ಬೇಯಿಸುತ್ತಿದ್ದ ಚಟ್ಲಿ ಕನಸಿನಲ್ಲೂ ಬರುತ್ತಿತ್ತು. ಆಸೆ ತಡೆಯದೆ ಒಂದು ಭಾನುವಾರ ಕಾಶಿಯಲ್ಲಿದ್ದ ನಮ್ಮ ಕಡೆಯ ಇಪ್ಪತ್ತೈದು ಮಂದಿಯನ್ನು ಊಟಕ್ಕೆ ಕರೆದುಬಿಟ್ಟೆ.

ಸೋನಾರ್‌ಪುರದ ಪೇಟೆಯಲ್ಲಿ ಚಟ್ಲಿ ಸಿಕ್ಕಿತು. ತೆಂಗಿನಕಾಯಿ ಸಿಕ್ಕಿದ್ದು ಪೂಜಾ ಸಾಮಾನಿನ ಅಂಗಡಿಯಲ್ಲಿ. ಯಾವ ದೇವರಿಗೆಂದು ಅಂಗಡಿಯವನು ಕೇಳಿದ. ಹೊಟ್ಟೆಯೂ ದೇವರೇ ಅಂದುಕೊಂಡು "ಮನೆದೇವರಿಗೆ" ಎಂದೆ. ಫಜೀತಿಯಾದದ್ದು ಪಾತ್ರೆಗೆ. ಅಷ್ಟು ಜನರಿಗಾಗುವ ಹಂಡೆ ನನಗೆ ಗೊತ್ತಿದ್ದಂತೆ ಇದ್ದದ್ದು ಕನ್ನಡದವರ ಮಠದಲ್ಲಿ ಮಾತ್ರ.

"ಮಠದ್ ಇಡ್ಲಿ ಹಂಡೆಗ್ ಚಟ್ಲಿ ಬೇಯ್ಸ್‌ತ್ಯಾ? ನಿಂಗ್ ಮಂಡೆ ಸಮ ಇತ್ತಾ?" ಎಂದು ಗಂಡ ಹೌಹಾರಿದರು.

ವಿಷಯ ತಿಳಿದ ಅಜ್ಜಿ ಅಟ್ಟದಿಂದ ಹಿತ್ತಾಳೆಯ ಹಂಡೆಯೊಂದನ್ನು ಇಳಿಸಿ ಕೊಟ್ಟರು. ಹುಣಸೆಹಣ್ಣು ಹಚ್ಚಿ ಎಷ್ಟು ತಿಕ್ಕಿದರೂ ಕಿಲುಬು ಸುಲಭಕ್ಕೆ ಬಿಡಲೊಲ್ಲದು. ಮದುವೆಯಲ್ಲಿ ಬಂದ ಹಂಡೆಯಂತೆ, ಅದರಲ್ಲಿ ಅವರೂ ಚಟ್ಲಿ ಬೇಯಿಸುತ್ತಿದ್ದರಂತೆ. ಗಂಡ ತೀರಿಕೊಂಡ ಮೇಲೆ, ಅವರ ಮನೆತನದ ಕಟ್ಟಳೆಯಂತೆ ಮೀನು, ಸಿಗಡಿ ಎಲ್ಲ ನಿಷಿದ್ಧ. ಮೂವತ್ತು ವರ್ಷವಾಗಿತ್ತು. ನಾನು ಬಿಡುವುದಿಲ್ಲವೆಂದು ಜಂಬ ಕೊಚ್ಚಿದ್ದನ್ನು ಅಜ್ಜಿಯನ್ನು ಕೇಳದೆಯೇ ಅವರಿಂದ ಬಿಡಿಸಿದ್ದರು. ನನಗೆ ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ.

ಹಂಡೆ ಒಲೆಯ ಮೇಲಿದ್ದಷ್ಟು ಹೊತ್ತೂ ಅಜ್ಜಿ ಅಡುಗೆಮನೆಯ ಹೊಸ್ತಿಲ ಹೊರಗೆ ಕುಳಿತಿದ್ದರು. ನಾನು ಗಡಿಯಾರ ನೋಡುತ್ತಿದ್ದೆ, ಅವರು ಮೂಗನ್ನೇ ನಂಬಿದ್ದರು. "ಬಸ್, ಉತಾರೋ" ಎಂದರು. ಇಳಿಸಿದೆ. ಒಂದು ಎಲೆ ಬಿಚ್ಚಿ ನೋಡಿದರೆ ಹದ ಅಮ್ಮನದೇ.

ಅದೇ ಎಲೆಯನ್ನು ಅವರ ಮುಂದೆ ಹಿಡಿದೆ. "ತಿನ್ನಿ ಅಜ್ಜೀ, ನಾನು ಯಾರಿಗೂ ಹೇಳುವುದಿಲ್ಲ" ಎಂದು ನನ್ನ ಹರುಕು ಹಿಂದಿಯಲ್ಲಿ ಅಂಗಲಾಚಿದೆ. ಅವರು ತಲೆಯಾಡಿಸಿದರು. ಆಮೇಲೆ ಎದ್ದು ಒಳಗೆ ಬಂದು, ಸೆರಗನ್ನು ಹಿಂದಕ್ಕೆ ಸರಿಸಿ, ತೆರೆದ ಹಂಡೆಯ ಮೇಲೆ ಬಾಗಿದರು. ಆವಿ ಮುಖಕ್ಕೆ ಹೊಡೆಯಿತು. ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ಹಾಗೇ ನಿಂತರು.

"ಭಾಪ್ ಮೇ ಕ್ಯಾ ದೋಷ್, ಬೇಟಿ?" ಎಂದರು. ಆವಿಯಲ್ಲಿ ಏನು ದೋಷ, ಮಗಳೇ?

ಊಟಕ್ಕೆ ಬಂದವರು ಬೆರಳು ಚೀಪಿಕೊಂಡು ಉಂಡರು. ನಾನೂ ಉಂಡೆ. ರುಚಿ ಅಮ್ಮನದೇ, ಆದರೆ ಎರಡನೆಯ ಎಲೆ ಬಿಚ್ಚಲಿಲ್ಲ.

ಮುಂದೆ ಕಾಶಿಯ ಋಣ ತೀರಿ ಊರಿಗೆ ಮರಳಿದಾಗ ಅತ್ತೆ ಮರೆಯದೆ ಕೇಳಿದರು, "ಕಡಿಗೂ ಕಾಶಿಯಂಗೆ ಎಂತ ಬಿಟ್ ಬಂದೆ?"

"ಹಾಗಲಕಾಯಿ" ಎಂದೆ. ಅವರು ನಕ್ಕರು. ಒಬ್ಬ ಅಜ್ಜಿಯನ್ನು ಬಿಟ್ಟು ಬಂದೆ ಎನ್ನಲು ನನಗೆ ಬಾಯಿ ಬರಲಿಲ್ಲ.