ಗುರುತಿನವರಿಲ್ಲದ ಬೀದಿ

ಅತ್ತೆಯ ಎಡಗಿವಿ ಬಲಗಿವಿಗಿಂತ ಸ್ವಲ್ಪ ಮುಂದಕ್ಕೆ ಬಾಗಿತ್ತು. ತಂಗಿಗೆ ಅದು ಹುಟ್ಟಿನಿಂದಲೇ ಹಾಗೆ ಎಂದು ನನ್ನ ಅಪ್ಪ ಹೇಳುತ್ತಿದ್ದರು. ರಸ್ತೆಗೆ ಕಿವಿ ಕೊಟ್ಟು ಕೊಟ್ಟು ಹಾಗಾದದ್ದು ಎಂಬುದು ಅತ್ತೆಯ ವಾದ. ಸಂಪಾಜೆಯ ಅವರ ಮನೆ ಮಡಿಕೇರಿ–ಮಂಗಳೂರು ರಸ್ತೆಗೆ ಅಂಟಿಕೊಂಡೇ ಇತ್ತು. ಘಾಟಿ ಇಳಿದು ಬಂದ ಜೀಪೊಂದು ತಿರುವಿನಲ್ಲಿ ಗೇರು ಬದಲಿಸಿದರೆ ಸಾಕು, ಒಲೆಯ ಮುಂದಿದ್ದ ಅತ್ತೆ ಸೌಟು ಎತ್ತಿ ಹಿಡಿದು, ಆ ಕಿವಿಯನ್ನು ಕಿಟಕಿಯತ್ತ ವಾಲಿಸಿ, "ನಿಲ್ತದೆ" ಎಂದೋ "ಹೋಯ್ತು" ಎಂದೋ ತೀರ್ಪು ಕೊಡುತ್ತಿದ್ದರು. ನಿಲ್ಲುತ್ತದೆ ಎಂದಾದರೆ ಜೀಪಿನ ಬಾಗಿಲು ತೆರೆಯುವ ಮೊದಲೇ ಅಕ್ಕಿ ಡಬ್ಬದ ಮುಚ್ಚಳ ತೆರೆದಿರುತ್ತಿತ್ತು. ಪುರಾವೆಯಿಲ್ಲದೆ ಯಾವುದನ್ನೂ ನಂಬುವವನಲ್ಲ ನಾನು. ರಜೆಗೆ ಹೋದಾಗಲೆಲ್ಲ ಪರೀಕ್ಷಿಸಿ ನೋಡಿದ್ದೇನೆ. ಒಮ್ಮೆ ಮಾತ್ರ ತಪ್ಪಿತು. ಆ ಜೀಪು ಕೆಟ್ಟು ನಿಂತಿತ್ತು. ಅದರಲ್ಲಿದ್ದವರೂ ಊಟ ಮಾಡಿಯೇ ಹೋದರು.

ಮಂಗಳೂರಿನ ಆಸ್ಪತ್ರೆಗೆ ಹೋಗುವವರು, ಆಸ್ಪತ್ರೆಯಿಂದ ಬರುವವರು, ಸುಳ್ಯದ ಮದುವೆಗೆ ಮುಂಚಿನ ದಿನವೇ ಹೊರಟವರು, ಘಾಟಿಯ ತಿರುವುಗಳಲ್ಲಿ ವಾಂತಿ ಮಾಡಿಕೊಂಡ ಮಕ್ಕಳನ್ನು ಸುಧಾರಿಸಲು ಇಳಿಸಿದವರು, ಎಲ್ಲರಿಗೂ ಅತ್ತೆಯ ಮನೆಯೇ. ಎಲ್ಲರೂ ನಂಟರು. ನಂಟರಲ್ಲದವರು ನಂಟರ ಗುರುತಿನವರು. "ಹೀಗೇ ಹೋಗ್ತಿದ್ದೆವು, ಕಂಡು ಹೋಗುವ ಅಂತ" ಎಂದು ಒಳಬಂದವರು ರಾತ್ರಿ ಕಂಬಳಿ ಕೇಳುತ್ತಿದ್ದರು.

"ನಿನ್ನ ಮಾವನ ಅಪ್ಪ ನೀರು ಎಲ್ಲುಂಟು ಅಂತ ನೋಡಿ ಮನೆ ಕಟ್ಟಿದ್ರು. ರಸ್ತೆ ಎಲ್ಲುಂಟು ಅಂತ ನೋಡ್ಲೇ ಇಲ್ಲ ಮಾರಾಯ. ಅದು ಅಂಗಳದ ಮುಂದೆಯೇ ಮಲಗಿತ್ತು," ಎನ್ನುತ್ತಿದ್ದರು ಅತ್ತೆ.

ಹಾಗೆಂದು ಅವರು ಊರೂರು ತಿರುಗಿರಲಿಲ್ಲ ಎಂದಲ್ಲ. ಮೈಸೂರು, ಮಂಗಳೂರು, ಬೆಂಗಳೂರು, ಒಮ್ಮೆ ಮುಂಬೈ ಕೂಡ ಆಗಿತ್ತು. ಆದರೆ ನಮ್ಮ ಕಡೆ ನಂಟರಿರುವ ಊರಿನಲ್ಲಿ ಲಾಡ್ಜ್ ಹಿಡಿಯುವುದೆಂದರೆ ಆ ನಂಟರ ಮುಖಕ್ಕೆ ಹೊಡೆದಂತೆ. ಹೋದ ಊರಿನಲ್ಲೆಲ್ಲ ಯಾರದೋ ಮನೆ. ಮನೆ ಹೊಕ್ಕ ಸ್ವಲ್ಪ ಹೊತ್ತಿಗೆ "ಬಾ ಅಕ್ಕಾ, ಒಳಗೇ ಬಾ, ಮಾತಾಡ್ತಾ ಮಾಡುವ" ಎಂಬ ಪ್ರೀತಿಯ ಕರೆ. ಮಾವ ಜಗಲಿಯಲ್ಲಿ ಪೇಪರು ಓದುತ್ತಿದ್ದರೆ ಅತ್ತೆ ಬೇರೆಯವರ ಅಡುಗೆ ಮನೆಯ ಮೆಟ್ಟುಗತ್ತಿಯ ಮುಂದೆ. ಮೈಸೂರು ದಸರಾ ನೋಡಿದ್ದೀರಾ ಎಂದು ಒಮ್ಮೆ ಕೇಳಿದ್ದೆ. "ಕೇಳಿದ್ದೇನೆ. ಬ್ಯಾಂಡ್ ಹೋಗುವಾಗ ನಾನು ತೆಂಗಿನಕಾಯಿ ತುರೀತಿದ್ದೆ," ಎಂದರು.

ಆ ವರ್ಷ ಕಾಳುಮೆಣಸಿಗೆ ಒಳ್ಳೆಯ ಬೆಲೆ ಬಂತು. ಮನೆಯ ಹಿಂದಿನ ಮೆಣಸಿನ ಬಳ್ಳಿಗಳು ಮೊದಲಿನಿಂದಲೂ ಅತ್ತೆಯವು. ಕಾಯಿ ಒಣಗಿಸಿ, ಮಾರಿ, ಒಂದು ಮಧ್ಯಾಹ್ನ ಊಟಕ್ಕೆ ಕೂತ ಮಾವನಿಗೆ ಹೇಳಿದರು: "ನಾನು ಪ್ರಾಗ್‌ಗೆ ಹೋಗ್ತೇನೆ."

"ಅದೆಲ್ಲುಂಟು?"

"ಯುರೋಪಲ್ಲಿ. ಹಳೇ ಊರು. ಕೋಟೆ ಉಂಟು, ಹೊಳೆ ಉಂಟು, ಕಲ್ಲಿನ ಸೇತುವೆ ಉಂಟು."

"ಅಲ್ಲಿ ನಮ್ಮವರು ಯಾರುಂಟು?"

"ಯಾರೂ ಇಲ್ಲ."

"ಮತ್ತೆ ಯಾರಿಗೆ ಬೇಕಾಗಿ ಹೋಗುದು?"

"ಅದಕ್ಕೇ ಹೋಗುದು."

ಮಾವ ಅನ್ನಕ್ಕೆ ಮಜ್ಜಿಗೆ ಸುರಿದುಕೊಂಡರು. ಅತ್ತೆ ಊರು ಆರಿಸಿದ ಕ್ರಮವೇ ಹಾಗಿತ್ತು. ಲಂಡನ್ ಬೇಡ, ಬಿಟ್ಟಂಗಾಲದ ಚಿಕ್ಕಮ್ಮನ ಮಗಳು ಅಲ್ಲಿ ನರ್ಸು. ಪ್ಯಾರಿಸ್ ಬೇಡ, ಮಾವನ ಗೆಳೆಯನ ಅಳಿಯ. ರೋಮಿನಲ್ಲಿ ಯಾರೂ ಇರಲಿಲ್ಲ, ಆದರೆ ಯಾರೋ ಹೋಗುವವರಿದ್ದಾರೆ ಎಂಬ ಸುದ್ದಿ ಇತ್ತು. ಹೀಗೆ ಹೊಡೆದು ಹಾಕುತ್ತ ಹಾಕುತ್ತ ಉಳಿದದ್ದು ಪ್ರಾಗ್. ಜೊತೆಗೆ ನಾನು. ಮೈಸೂರಿನಲ್ಲಿ ಕಾನೂನು ಓದುತ್ತ, ಚರ್ಚಾಸ್ಪರ್ಧೆಗಳ ಕಪ್ಪುಗಳನ್ನು ಮನೆಗೆ ತಂದು ಅಮ್ಮನಿಗೆ ಧೂಳು ಒರೆಸುವ ಕೆಲಸ ಹೆಚ್ಚಿಸಿದ್ದವನು. "ಇವನ ಬಾಯಿಗೆ ಹೆದರಿಯೇ ವೀಸಾ ಕೊಡ್ತಾರೆ," ಎಂದು ಅತ್ತೆ ಅಪ್ಪನನ್ನು ಒಪ್ಪಿಸಿದರು.

ವೀಸಾಕ್ಕೆ ಉಳಿಯುವ ಜಾಗದ ವಿಳಾಸ ಬೇಕು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಪ್ರಾಗ್‌ನ ನಕಾಶೆ ತೆರೆದು, ನಾನು ವಾದ ಮಂಡಿಸಿದೆ. ಊರಿನ ಅಂಚಿನ ಹೊಸ ಬಡಾವಣೆಯೇ ಸರಿ. ಬಾಡಿಗೆ ಕಡಿಮೆ, ಮನೆಯ ಕೆಳಗೇ ಅಂಗಡಿ, ಮೆಟ್ರೋ ಸ್ಟೇಷನ್ನಿಗೆ ಎರಡೇ ನಿಮಿಷ.

"ಸ್ಟೇಷನ್ನಿಗೆ ಎರಡು ನಿಮಿಷವಾ? ಹಾಗಾದ್ರೆ ಸ್ಟೇಷನ್ನಿನಿಂದ ಮನೆಗೂ ಎರಡೇ ನಿಮಿಷ."

"ಹೌದು ಅತ್ತೆ, ಅದೇ ಅನುಕೂಲ."

"ಅನುಕೂಲ ಅಂತ ಬರ್ದಿದ್ದಾರಲ್ಲ, ಯಾರಿಗೆ ಅಂತ ಬರ್ದಿದ್ದಾರಾ?"

ಎಷ್ಟೋ ವೇದಿಕೆ ಹತ್ತಿದ್ದೇನೆ, ಅಂಥ ಖಂಡನೆ ಎದುರಾಗಿರಲಿಲ್ಲ. ಇವತ್ತಿಗೂ ಯಾವುದಾದರೂ ಯೋಜನೆಯ ಪರವಾಗಿ ಯಾರಾದರೂ 'ಸಾರ್ವಜನಿಕ ಅನುಕೂಲ' ಎಂದು ಬಾಯಿ ತೆರೆದರೆ ನಾನು ಎದ್ದು ಅದೇ ಪ್ರಶ್ನೆ ಕೇಳುತ್ತೇನೆ. ಎದುರಾಳಿಗಳು ಅದನ್ನು ನನ್ನ ಬುದ್ಧಿವಂತಿಕೆ ಎಂದುಕೊಂಡಿದ್ದಾರೆ.

ಹಳೇ ಪೇಟೆಯ ನಡುಮಧ್ಯ ತೋರಿಸಿದೆ. ಗಡಿಯಾರದ ಗೋಪುರದ ಚೌಕ, ಪ್ರಾಗ್‌ಗೆ ಬಂದವರೆಲ್ಲ ಹಾದುಹೋಗಲೇಬೇಕಾದ ಜಾಗ. "ಹಾದುಹೋಗ್ಲೇಬೇಕಾ? ಬೇಡ." ವಿನೋಹ್ರಾಡಿ ಎಂಬ ಚೆಂದದ ಕೇರಿ ತೋರಿಸಿ, ಅದು ಹಿಂದೆ ದ್ರಾಕ್ಷಿ ತೋಟವಾಗಿತ್ತಂತೆ, ಮರಗಿಡ ಇದೆ ಎಂದೆ. "ತೋಟದಿಂದ ತೋಟಕ್ಕೆ ಹೋಗ್ಲಿಕ್ಕೆ ವಿಮಾನ ಯಾಕೆ?" ತಾಳ್ಮೆ ಕಳೆದುಕೊಂಡು, ಹೊಳೆಯಾಚೆ ಕೋಟೆಯ ಬುಡದ ಒಂದು ಹಳೆಯ ಮನೆಯ ಬಗ್ಗೆ ಉಳಿದು ಹೋದವರು ಬೈದು ಬರೆದದ್ದನ್ನು ಓದಿ ಹೇಳಿದೆ. ಕಾರು ಬರುವುದಿಲ್ಲ. ಕಲ್ಲು ಹಾಸಿದ ಕಡಿದಾದ ಏರು. ಪೆಟ್ಟಿಗೆಯನ್ನು ನಾವೇ ಹೊರಬೇಕು. ಎಷ್ಟು ಹುಡುಕಿದರೂ ಬಾಗಿಲು ಸಿಗುವುದಿಲ್ಲ.

"ಕಡೇದು ಇನ್ನೊಮ್ಮೆ ಓದು."

"ಎಷ್ಟು ಹುಡುಕಿದರೂ ಬಾಗಿಲು ಸಿಗುವುದಿಲ್ಲ."

"ಅದನ್ನೇ ಮಾಡು ಮಗಾ."

ಮಾಡಿದೆ. ವೀಸಾನೂ ಬಂತು. ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು, ಮಾವ ಸುಳ್ಯದ ಒಂದು ನಿಶ್ಚಿತಾರ್ಥಕ್ಕೆ ಹೋಗದೆ ಇದ್ದಿದ್ದರೆ. ಹೆಂಡತಿ ಯುರೋಪಿಗೆ ಹೊರಟದ್ದನ್ನು ಅವರು ಮನೆಯಲ್ಲಿ ವಿರೋಧಿಸುತ್ತಿದ್ದರೂ ಹೊರಗೆ ಹೇಳಿಕೊಳ್ಳದೆ ಇರಲಾರರು. ಬಾಳೆಯೆಲೆಯ ಮುಂದೆ ಕೂತು ಹೇಳಿದರು. ಪಕ್ಕದ ಎಲೆಯಲ್ಲಿದ್ದ ಅವರ ದಾಯಾದಿ ತಮ್ಮ ಅನ್ನ ಕಲಸುವುದನ್ನು ನಿಲ್ಲಿಸಿ ಉದ್ಗರಿಸಿದರಂತೆ: "ಪ್ರಾಗಾ? ನಮ್ಮ ಹುಡುಗ ಈಗ ಅಲ್ಲೇ ಅಲ್ವಾ! ಜರ್ಮನಿಯಿಂದ ಮೊನ್ನೆ ವರ್ಗ ಆದದ್ದು!"

ಸುದ್ದಿ ತಂದ ಮಾವನ ಮುಖದಲ್ಲಿ ಸಂತೋಷವಿತ್ತು. ಅತ್ತೆ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟರು. ಬಯ್ಯಲಿಲ್ಲ. ನನ್ನ ಕಡೆ ತಿರುಗಿ, "ಇನ್ನು ನೀನು ಮಾತಾಡು," ಎಂದರು.

ಆ ಸಂಜೆಯೇ ಪ್ರಾಗ್‌ನಿಂದ ಆ ದಾಯಾದಿಯ ಮಗನ ಫೋನ್ ಬಂತು. ಅಂದಿನಿಂದ ನಾನು ಅವರನ್ನು ಪ್ರಾಗ್ ಭಾವ ಎಂದೇ ಕರೆಯುತ್ತೇನೆ. ಔಷಧಿ ಕಂಪನಿಯೊಂದರ ಲ್ಯಾಬಿನಲ್ಲಿ ಕೆಲಸ. "ದೊಡ್ಡಮ್ಮಾ, ನಾನಿಲ್ಲಿ ಇರುವಾಗ ನೀವು ಲಾಡ್ಜಲ್ಲಿ ಉಳಿದ್ರೆ ಅಪ್ಪ ನನ್ನನ್ನು ಮನೆಗೆ ಸೇರಿಸ್ತಾರಾ? ಮೆಟ್ರೋ ಇಳಿದ್ರೆ ನಮ್ಮನೆ. ನಮ್ಮವಳಿಗೂ ಖುಷಿ, ಕೈಗೆ ಒಂದು ಜನ ಆಗ್ತದೆ."

ಕೈಗೆ ಒಂದು ಜನ. ಅತ್ತೆ ಫೋನನ್ನು ನನ್ನ ಕೈಗೆ ತುರುಕಿದರು.

ನನ್ನ ಬತ್ತಳಿಕೆಯಲ್ಲಿದ್ದದ್ದನ್ನೆಲ್ಲ ಬಿಟ್ಟೆ. ಬಾಡಿಗೆ ಮೊದಲೇ ಕೊಟ್ಟಾಗಿದೆ ಎಂದೆ. ಹೋದರೆ ಹೋಗಲಿ, ನಾನು ಕೊಡ್ತೇನೆ ಎಂದರು ಭಾವ. ಕೋಟೆ ನೋಡಲು ಅದೇ ಹತ್ತಿರ ಎಂದೆ, ಕಾರುಂಟು ಎಂದರು. ಅವರಿಗೆ ತೊಂದರೆ ಎಂದೆ, "ಎಂಥ ತೊಂದರೆ ಮಾರಾಯ, ನೀವೇನು ಹೊರಗಿನವರಾ?" ಎಂದರು. ಅಲ್ಲಿಗೆ ನಾನು ಸೋತೆ. ಈ ಕಡೆ ತರ್ಕ, ಆ ಕಡೆ ಪ್ರೀತಿ. ಯಾವ ನಿರ್ಣಾಯಕರು ನನಗೆ ಅಂಕ ಕೊಡುತ್ತಾರೆ? ದೊಡ್ಡಮ್ಮನಿಗೆ ಬೇರೆ ಕಡೆ ಉಳಿಯಬೇಕೆಂಬ ಆಸೆ ಇದೆ ಎಂಬ ಸತ್ಯವನ್ನೂ ಕೊನೆಗೆ ಹೇಳಿಬಿಟ್ಟೆ. ಭಾವ ನಕ್ಕರು. ಅದು ವಾದವೆಂದೇ ಅವರಿಗೆ ಅನಿಸಲಿಲ್ಲ.

ಅತ್ತೆ ಫೋನ್ ಕಿತ್ತುಕೊಂಡರು. "ನೋಡು ಮಗಾ, ನನಗೆ ಎಲ್ಲಾದ್ರೂ ಆಗ್ತದೆ. ಆದ್ರೆ ಇವನಿಗೆ ಅಲ್ಲಿ ಡಿಬೇಟ್ ಉಂಟು. ಕೋಟೆಯ ಪಕ್ಕವೇ. ಬೆಳಿಗ್ಗೆ ಬೇಗ ಹೋಗ್ಬೇಕಂತೆ."

"ಓ, ಹಾಗಾ? ಹಾಗಿದ್ರೆ ಮೊದ್ಲೇ ಹೇಳ್ಬಾರ್ದಾ! ಅವನ ಕೆಲಸ ಕೆಡಿಸುದು ಬೇಡ," ಎಂದರು ಭಾವ. ಮರುಕ್ಷಣ, "ನಾನೂ ಕೇಳ್ಲಿಕ್ಕೆ ಬರ್ತೇನೆ."

"ಒಳಗೆ ಬಿಡುದಿಲ್ಲಂತೆ," ಎಂದರು ಅತ್ತೆ, ಕಣ್ಣು ಮಿಟುಕಿಸದೆ. "ಒಂದು ದಿನ ಊಟಕ್ಕೆ ಬರ್ತೇವೆ."

ನನಗೆ ಮೈಯೆಲ್ಲ ಉರಿಯಿತು. ಹೆಂಗಸೊಬ್ಬಳ ನಿಜವಾದ ಆಸೆ ಐದು ನಿಮಿಷ ವಾದಿಸಿದರೂ ನಿಲ್ಲದ ಕಡೆ, ಗಂಡಸಿನ ಇಲ್ಲದ ಡಿಬೇಟು ಒಂದೇ ಮಾತಿಗೆ ನಿಂತಿತು. ಇದು ಅನ್ಯಾಯ ಎಂದು ಭಾಷಣ ಶುರುಮಾಡಿದೆ. "ಅನ್ಯಾಯವೇ. ಈಗ ಬ್ಯಾಗಿಗೆ ಬೀಗ ಎಲ್ಲುಂಟು ನೋಡು," ಎಂದರು ಅತ್ತೆ.

ಪ್ರಾಗ್‌ನ ಆ ಮನೆಗೆ ಬಾಗಿಲು ನಿಜಕ್ಕೂ ಸಿಗಲಿಲ್ಲ. ಎರಡು ಪೆಟ್ಟಿಗೆ ಹೊತ್ತು ನಾನು ಏದುಸಿರು ಬಿಡುತ್ತಿದ್ದರೆ, ಘಾಟಿಯ ಬುಡದ ಹೆಂಗಸು ಆ ಕಲ್ಲಿನ ಏರನ್ನು ಮೇಯಲು ಹೋಗುವ ಆಡಿನಂತೆ ಹತ್ತಿದರು. ಕೋಣೆಯಲ್ಲಿ ಎರಡು ಮಂಚ, ಒಂದು ಕಿಟಕಿ, ಕೆಳಗೆ ಕೆಂಪು ಹೆಂಚಿನ ಮಾಡುಗಳು. ಮೊದಲ ಬೆಳಿಗ್ಗೆ ಅತ್ತೆ ಎಚ್ಚರವಾಗಿಯೇ ಮಲಗಿದ್ದರು. ಮನೆಯೊಡತಿ ಬ್ರೆಡ್ಡು, ಮೊಟ್ಟೆ ತಂದಿಟ್ಟಾಗ ಎದ್ದು ಕೆಲಸಕ್ಕೆ ಕೈ ಜೋಡಿಸಲು ಹೋಗಿ, ತಡೆದುಕೊಂಡು, ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡರು. ಆಕೆ ಹೋದ ಮೇಲೆ ನನ್ನ ಕಡೆ ತಿರುಗಿ, "ಇನ್ನೊಂದು ದಿಂಬು ಬೇಕು ಅಂತ ಕೇಳು," ಎಂದರು.

"ದಿಂಬು ಉಂಟಲ್ಲ ಅತ್ತೆ."

"ಉಂಟು. ಕೇಳು ಅಂದೆ."

ಕೇಳಿದೆ. ಬಂತು. ಅತ್ತೆ ಅದನ್ನು ತಲೆಗೂ ಇಡಲಿಲ್ಲ, ಕಾಲಿಗೂ ಇಡಲಿಲ್ಲ, ಪಕ್ಕದಲ್ಲಿಟ್ಟುಕೊಂಡು ನೋಡಿದರು. ಕೋಟೆಯನ್ನೂ ನೋಡಿದರು, ಅದನ್ನೇ ಬಹಳ ಹೊತ್ತು ನೋಡಿದರೆಂದು ಸುಳ್ಳು ಹೇಳುವುದಿಲ್ಲ. ದಾರಿಹೋಕರ ಪೆಟ್ಟಿಗೆಗಳು ಕಲ್ಲಿನ ಮೇಲೆ ಗಡಗಡ ಎನ್ನುತ್ತ ಹತ್ತುವುದನ್ನು ಕಿಟಕಿಯಿಂದ ನೋಡುತ್ತ, "ಯಾರೂ ನಮ್ಮಲ್ಲಿಗಲ್ಲ" ಎಂದು ಆಗಾಗ ಹೇಳಿಕೊಳ್ಳುವುದೇ ಅವರಿಗೆ ಹೆಚ್ಚು ಹಿಡಿಸಿತ್ತು.

ಊಟದ ದಿನ ಬಂತು. ಭಾವನ ಮನೆ ಊರ ಅಂಚಿನ ಎತ್ತರದ ಕಟ್ಟಡದಲ್ಲಿ. ಮೆಟ್ರೋ ಮೆಟ್ಟಿಲು ಹತ್ತಿದರೆ ಗೇಟು. "ಪಾಪ," ಎಂದರು ಅತ್ತೆ, ಕಟ್ಟಡವನ್ನು ಮೇಲಿಂದ ಕೆಳಗೆ ನೋಡಿ. ಯಾರಿಗೆ ಎಂದು ನನಗೆ ಅರ್ಥವಾಗಲಿಲ್ಲ.

ಭಾವನ ಹೆಂಡತಿ, ಚೆಟ್ಟಳ್ಳಿ ಕಡೆಯ ಅಕ್ಕ, ಆಗಷ್ಟೇ ತನ್ನ ಕೆಲಸದಿಂದ ಬಂದಿದ್ದರು, ಕೋಟು ಕೂಡ ಬಿಚ್ಚಿರಲಿಲ್ಲ. ಸೋಫಾದ ಹಿಂದೆ ಸುರುಳಿ ಸುತ್ತಿದ ಹಾಸಿಗೆ. ಬಚ್ಚಲಲ್ಲಿ ಒಂದು ಲೋಟ ತುಂಬ ಹೊಸ ಹಲ್ಲುಜ್ಜುವ ಬ್ರಷ್ಷುಗಳು. "ವಾರಕ್ಕೊಬ್ಬರು ಬರ್ತಾರೆ. ಸ್ಟೇಷನ್ ಹತ್ತಿರ ಅಲ್ವಾ," ಎಂದರು ಭಾವ ಹೆಮ್ಮೆಯಿಂದ. ಅಕ್ಕ ಕೋಟು ಬಿಚ್ಚಿ, ಕೂದಲು ಮೇಲೆ ಕಟ್ಟಿ, ಅಡುಗೆ ಮನೆಯ ಬಾಗಿಲಲ್ಲಿ ನಿಂತು ಕರೆದರು:

"ಬನ್ನಿ ದೊಡ್ಡಮ್ಮಾ, ಒಳಗೇ ಬನ್ನಿ, ಮಾತಾಡ್ತಾ ಮಾಡುವ."

ಅತ್ತೆಯ ಮೊಣಕಾಲು ನೆಟ್ಟಗಾಗತೊಡಗಿತ್ತು. ಅಷ್ಟು ದೂರ ಹಾರಿ ಬಂದದ್ದು, ಅಷ್ಟು ಸುಳ್ಳು ಹೇಳಿದ್ದು, ಎಲ್ಲವೂ ಇನ್ನು ನಾಲ್ಕು ಹೆಜ್ಜೆಯಲ್ಲಿ ಮುಗಿಯಲಿತ್ತು. ಅತ್ತೆ ಆ ಹುಡುಗಿಯ ಮುಖ ನೋಡಿದರು. ಮತ್ತೆ ಕೂತರು.

"ನೀನು ಬಾ ಇಲ್ಲಿ. ನನ್ನ ಹತ್ತಿರ ಕೂತುಕೋ."

"ಅಡುಗೆ, ದೊಡ್ಡಮ್ಮಾ?"

"ಎರಡು ಗಂಡಸರು ಉಂಟಲ್ಲ."

ಭಾವ ನಗಲು ನೋಡಿದರು. "ದೊಡ್ಡಮ್ಮ, ನನಗೆ ಅದೆಲ್ಲ..."

"ಲ್ಯಾಬಲ್ಲಿ ನೀನು ಎಂಥ ಮಾಡುದು?"

"ಮದ್ದು... ಅಳತೆ ಮಾಡಿ ಬೆರೆಸುದು."

"ಹಾಗಾದ್ರೆ ಸಾರೂ ಬೆರೆಸು. ಮಗಾ, ನೀನೂ ಹೋಗು. ಈರುಳ್ಳಿಗೆ ಎದುರುವಾದ ಇರುದಿಲ್ಲ."

ನಾವು ಹೋದೆವು. ಸ್ವಂತ ಅಡುಗೆ ಮನೆಯಲ್ಲಿ ಈರುಳ್ಳಿ ಎಲ್ಲಿದೆ ಎಂದು ಭಾವನಿಗೆ ಗೊತ್ತಿರಲಿಲ್ಲ. ಹೆಚ್ಚುವುದು ಹೇಗೆಂದು ನನಗೆ. ಹೊರಗೆ ಅವರಿಬ್ಬರ ಮಾತು ಮೊದಲು ಮೆಲ್ಲಗಿತ್ತು, ಆಮೇಲೆ ಯಾರೋ ಬಿಕ್ಕಿದಂತೆ ಕೇಳಿತು, ಆಮೇಲೆ ನಗು. ಬಡಿಸಿದ ಸಾರನ್ನು ಅತ್ತೆ ತುಟಿಗಿಟ್ಟು, ಹುಬ್ಬು ಗಂಟಿಕ್ಕಿ, ಜೀವಮಾನದಲ್ಲಿ ಮೊದಲ ಸಲ ಬೇರೆಯವರ ಮನೆಯ ತಟ್ಟೆಯ ಮುಂದೆ ಹೇಳಿದರು: "ಉಪ್ಪು ಜಾಸ್ತಿ." ಅಷ್ಟು ತೃಪ್ತಿಯಿಂದ ಯಾರೂ ದೂರಿದ್ದನ್ನು ನಾನು ಕೇಳಿಲ್ಲ.

ಹೊರಡುವಾಗ ಬಾಗಿಲಲ್ಲಿ ನಿಂತು ಘೋಷಿಸಿದರು. "ಇವತ್ತು ಇವಳು ನನ್ನ ಜೊತೆ ಬರ್ತಾಳೆ. ನಾಳೆ ಹೇಗೂ ರಜೆ. ಅಲ್ಲಿ ಎರಡು ಮಂಚ ಉಂಟು."

"ಮತ್ತೆ ಇವನು?" ಎಂದರು ಭಾವ.

"ಇವ ಇಲ್ಲೇ. ಸೋಫಾದ ಹಿಂದೆ ಹಾಸಿಗೆ ಉಂಟಲ್ಲ."

ಅತ್ತೆ ತೀರಿಕೊಂಡದ್ದು ಆ ಪ್ರಯಾಣದ ನಂತರದ ಎರಡನೆಯ ಮಳೆಗಾಲದಲ್ಲಿ, ಹೆಚ್ಚು ದಿನ ಮಲಗದೆ. ರಸ್ತೆಯುದ್ದಕ್ಕೂ ವಾಹನಗಳು ನಿಂತಿದ್ದವು. ಪ್ರಾಗ್‌ನಿಂದ ಅಕ್ಕ ಒಬ್ಬರೇ ಬಂದಿದ್ದರು. ಜನ ಅತ್ತೆಯ ಕೈರುಚಿಯನ್ನು, ಅತಿಥಿ ಸತ್ಕಾರವನ್ನು ಹೊಗಳಿದರು. ಎಲ್ಲ ನಿಜವೇ. ಆದರೆ ನನಗೆ ಅತ್ತೆ ಎಂದರೆ ಕಣ್ಣ ಮುಂದೆ ಬರುವುದು ಅಕ್ಕಿ ಡಬ್ಬವಲ್ಲ, ಆ ಊಟದ ಮರುದಿನದ, ಪ್ರಾಗ್‌ನ ಕೊನೆಯ ಬೆಳಿಗ್ಗೆ.

ಸೋಫಾದ ಹಿಂದಿನ ಹಾಸಿಗೆಯಿಂದ ಬೆನ್ನು ಹಿಡಿದುಕೊಂಡು ಎದ್ದ ನಾನು, ತಿಂಡಿ ಯಾರು ಮಾಡುತ್ತಾರೆಂದು ತಿಳಿಯದ ಭಾವ, ಇಬ್ಬರೂ ಕೋಟೆಬುಡದ ಏರು ಹತ್ತಿ, ಬಾಗಿಲು ಹುಡುಕಿ, ತಟ್ಟಿದೆವು. ಬಿಸಿಲು ಆಗಲೇ ಮಾಡಿನ ಮೇಲೆ ಬಂದಿತ್ತು. ಒಳಗೆ ಪಿಸುಮಾತು, ತಡೆದ ನಗು.

"ಯಾರು?" ಅತ್ತೆಯ ದನಿ.

"ನಾವು ದೊಡ್ಡಮ್ಮಾ. ಹೀಗೇ ಬಂದೆವು, ಕಂಡು ಹೋಗುವ ಅಂತ. ತಿಂಡಿ ಕೂಡ ಆಗಿಲ್ಲ..."

"ನಾವಿನ್ನೂ ಎದ್ದಿಲ್ಲ ಮಗಾ. ಕೆಳಗೆ ಹೋಗಿ ಸುತ್ತಾಡಿ ಬನ್ನಿ."

ಭಾವ ನನ್ನ ಮುಖ ನೋಡಿದರು. ಏನಾದರೂ ಹೇಳು ಎಂಬಂತೆ. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಒಳಗಿನಿಂದ ಅಕ್ಕನ ದನಿ ಬಂತು, ನಿದ್ದೆಗಣ್ಣಿನ, ಸೋಮಾರಿ, ಅದುವರೆಗೆ ನಾನು ಕೇಳದ ದನಿ:

"ಬರುವಾಗ ನಮಗೂ ತಿನ್ಲಿಕ್ಕೆ ಎಂಥದಾದ್ರೂ ತನ್ನಿ."

ನಾವು ಏರು ಇಳಿದೆವು.