ಮುಗದದ ದಾರಿಯಲ್ಲಿ ತಿಳಿದ ನನ್ನ ಜಾತಿ

ನೀರಿನ ತಂಬಿಗೆಯನ್ನು ಕಟ್ಟೆಯ ಮೇಲಿಟ್ಟ ಮುದುಕಿ ಅದರ ಕಂಠದಿಂದ ಎರಡು ಬೆರಳು ತೆಗೆಯಲಿಲ್ಲ.

“ಯಾರ ಪೈಕಿ ತಂಗೀ, ನೀವು?”

“ನಮ್ಮ ಮಂದೀನ ಯವ್ವಾ, ಕುಡೀಲಿ ಬಿಡು,” ಎಂದು ನನ್ನ ಬದಲು ಸುವರ್ಣಾ ಉತ್ತರಿಸಿದಳು. ಬೆರಳುಗಳು ಮೇಲೆದ್ದವು. ನಾನು ಕುಡಿಯಲಿಲ್ಲ.

ಯಾರ ಪೈಕಿ ಎಂಬುದು ಧಾರವಾಡದಲ್ಲಿ ಜಾತಿ ಕೇಳುವ ಸಭ್ಯ ರೀತಿ. ಕೊಳ್ಳೇಗಾಲದ ನಮ್ಮ ಕಡೆ ‘ಯಾವ ಬೀದಿ?’ ಎನ್ನುತ್ತಾರೆ. ನಮ್ಮ ಬೀದಿಯ ಹೆಸರು ಹೇಳಿದರೆ ತಂಬಿಗೆ ಒಳಗೇ ಉಳಿಯುತ್ತದೆ. ಇಲ್ಲಿಗೆ ಬಂದು ಒಂದು ವರ್ಷವಾಯಿತು. ಈ ಊರು ನನ್ನನ್ನು ಏನೂ ಕೇಳಲಿಲ್ಲವೆಂದು ಹಿಂದೆ ಇದೇ ಪತ್ರಿಕೆಯಲ್ಲಿ ಹೆಮ್ಮೆಯಿಂದ ನಿಮಗೆ ಬರೆದಿದ್ದೆ. ಆ ಮಾತನ್ನು ಈಗ ಹಿಂದಕ್ಕೆ ಪಡೆಯುತ್ತೇನೆ.

ಭಾನುವಾರ ಬೆಳಿಗ್ಗೆ ಆರಕ್ಕೆ ಧಾರವಾಡದ ಸಪ್ತಾಪುರದಿಂದ ಮುಗದಕ್ಕೆ ನಡೆದೇ ಹೊರಟಿದ್ದೆವು. ಸುವರ್ಣಾ ನನ್ನ ಜೊತೆ ಬೀಜ ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು, ಇಲ್ಲಿ ನನಗಿರುವ ಒಬ್ಬಳೇ ಗೆಳತಿ. ಕೋಚಿಂಗ್ ಸೆಂಟರುಗಳ ಫಲಕಗಳು ಮುಗಿದು ಕೆಲಗೇರಿ ಕೆರೆ ಬಂದಾಗ ನಾನು ಕೂತೆ. “ಇಷ್ಟಕ್ಕ ದಣದ್ಯಾ? ನಿಮ್ಮ ಕಡೆ ಮಂದಿಗೆ ಕಾಲ ಇಲ್ಲೇನ?” ಎಂದು ನಕ್ಕಳು. ಮುಂದೆ ಭತ್ತದ ಗದ್ದೆಗಳು. ನಮ್ಮಲ್ಲಿ ನಾಲೆಯ ನೀರು ನಿಲ್ಲಿಸಿ ನಾಟಿ ಮಾಡುತ್ತಾರೆ. ಇಲ್ಲಿ ಒಣನೆಲಕ್ಕೇ ಕೂರಿಗೆಯಲ್ಲಿ ಬಿತ್ತುತ್ತಾರೆ. ಅದನ್ನು ನೋಡುತ್ತ ನಾಲ್ಕು ತಾಸು ಸುಖವಾಗಿಯೇ ನಡೆದೆ.

ಮುದುಕಿಯ ಮನೆ ದಾಟಿದ ಮೇಲೆ ಕೇಳಿದೆ: “ಯಾಕೆ ಹಾಗೆ ಹೇಳಿದೆ?”

“ನೀರಿಗೇ ಇಷ್ಟ ಸಿಟ್ಟಾದ್ರ, ಮನಿ ವಿಷಯ ಕೇಳಿದ್ರ ಏನ ಮಾಡ್ತೀ? ಕಾಕೂಗೂ ಹಂಗ ಹೇಳೇನಿ. ಇಲ್ಲಂದ್ರ ಆ ಖೋಲಿ ಸಿಗತಿತ್ತೇನ ನಿನಗ?”

ಕಾಕು, ಎಂದರೆ ಚಿಕ್ಕಮ್ಮ, ನನ್ನ ಮನೆಯ ಒಡತಿ. ಏಳು ಮನೆಯವರು ಕಾರಣ ಹೇಳದೆ ಇಲ್ಲವೆಂದ ಮೇಲೆ ಅವರ ಮಹಡಿಯ ಕೋಣೆ ಸಿಕ್ಕಿತ್ತು. ದಿನವೂ ಊಟ ಹಾಕುತ್ತಾರೆ, ಪ್ರತಿ ಸೋಮವಾರ ನನಗೆ ವಿಭೂತಿ ಕೊಡುತ್ತಾರೆ. ಯಾವ ಮಠದ ಭಕ್ತರೆಂದು ಒಮ್ಮೆ ಕೇಳಿದಾಗ, ಮಠಕ್ಕೆ ಹೋಗುವ ರೂಢಿಯಿಲ್ಲ ಎಂದಿದ್ದೆ. ‘ದಕ್ಷಿಣದ ಮಂದಿ’ ಎಂದು ಮರುಗಿದ್ದರು.

“ನನ್ನನ್ನು ಒಂದು ಮಾತು ಕೇಳಿದೆಯಾ?”

“ಕೇಳಿದ್ರ ಬ್ಯಾಡ ಅಂತಿದ್ದಿ. ಆಮ್ಯಾಲೆ ಬಸ್‌ಸ್ಟ್ಯಾಂಡಿನ್ಯಾಗ ಮಲಗತಿದ್ದಿ. ಛಲೋ ಆತು ಅಂತ ಅನ್ನೋದ ಬಿಟ್ಟು...”

ಅವಳದು ಕೇಡಿನ ಬುದ್ಧಿಯಲ್ಲ. ನನ್ನ ಸಿಟ್ಟನ್ನು ಹೆಚ್ಚಿಸಿದ್ದೇ ಅದು. ಕೊಳ್ಳೇಗಾಲದಲ್ಲಿ ಬಾಗಿಲು ಮುಚ್ಚುವವರು ನನ್ನ ಮುಖಕ್ಕೇ ಮುಚ್ಚುತ್ತಾರೆ. ಇಲ್ಲಿ ಬಾಗಿಲು ತೆರೆದದ್ದು ಸುವರ್ಣಾ ಕಟ್ಟಿ ಹೇಳಿದ ಇನ್ನೊಬ್ಬಳಿಗೆ; ವರ್ಷವಿಡೀ ಅವಳ ಊಟ ಉಂಡದ್ದು ನಾನು. ಯಾವುದು ದೊಡ್ಡ ಅವಮಾನ ಎಂದು ತೂಗಿ ಹೇಳಲು ನನಗೆ ಮನಸ್ಸಿಲ್ಲ.

ಮುಗದದ ಸ್ಟೇಷನ್ನಿನಲ್ಲಿ ಒಂದು ಬೆಂಚಿನ ಎರಡು ತುದಿಯಲ್ಲಿ ಕೂತೆವು. ರೈಲು ಬಂದಾಗ ಅವಳು ಮೆಲ್ಲಗೆ, “ಸುಮ್ಮನಿರು ಅಷ್ಟ. ಯಾರಿಗೂ ಗೊತ್ತಾಗೂದಿಲ್ಲ,” ಎಂದಳು. ನನಗೆ ಗೊತ್ತಾಗಿತ್ತು.

ಸೋಮವಾರ ಬೆಳಿಗ್ಗೆ ಕಾಕು ರಂಗೋಲಿ ಮುಗಿಸಿ ಕೈ ತೊಳೆಯುತ್ತಿದ್ದರು. ಮೆಟ್ಟಿಲಿಳಿದು ಹೋದೆ. “ಕಾಕೂ, ಸುವರ್ಣಾ ನಿಮಗ ಹೇಳಿದ್ದು ಖರೇ ಅಲ್ರಿ,” ಎಂದೆ. ನಮ್ಮ ಕೊಳ್ಳೇಗಾಲದ ಮಾತಿನಲ್ಲಿ ಹೇಳಬೇಕೆಂದು ರಾತ್ರಿ ನಿಶ್ಚಯಿಸಿದ್ದೆ. ಬಾಯಿಗೆ ಬಂದದ್ದು ಇಲ್ಲಿನದು. ನಮ್ಮ ಜಾತಿ ಯಾವುದೆಂದು ಸ್ಪಷ್ಟವಾಗಿ, ಒಂದೇ ಸಲ ಹೇಳಿದೆ. ಅವರು ಸೆರಗಿಗೆ ಕೈ ಒರೆಸಿಕೊಳ್ಳುತ್ತಲೇ ಇದ್ದರು. ಕೆಲಸಕ್ಕೆ ಹೊತ್ತಾಗುತ್ತಿದ್ದರೂ ನಾನು ಕದಲದೆ ಅಲ್ಲೇ ನಿಂತೆ.