ಬಸ್ಸಿನಲ್ಲಿ ಎಲ್ಲರಿಗಿಂತ ಚಿಕ್ಕವಳು

“ಈ ದ್ವೀಪದಲ್ಲಿ ನನ್ನ ತೊಡೆ ಮೇಲೆ ಕೂರದೆ ಇರೋ ಹೆಂಗಸಿಲ್ಲ. ನಾನು ಮಾತ್ರ ಹುಟ್ಟಿದಾಗಿಂದ ಯಾರ ತೊಡೆ ಮೇಲೂ ಕೂತವಳಲ್ಲ” ಎಂದು ಮಕೆರಿಟಾ ಹೇಳಿಕೊಂಡು ತಿರುಗುತ್ತಿದ್ದಳು. ಅವಳ ತಾಯಿ ಬದುಕಿರುವ ತನಕ ‘ಹುಟ್ಟಿದಾಗಿಂದ’ ಎಂಬ ಮಾತಿಗೆ ಒಂದು ತಕರಾರಿತ್ತು. ಆಕೆ ತೀರಿಕೊಂಡ ಮೇಲೆ ಎದುರು ಸಾಕ್ಷಿ ಹೇಳುವವರು ಯಾರೂ ಉಳಿಯಲಿಲ್ಲ.

ತೊಡೆಯೆಂದರೆ ಸಣ್ಣ ವಿಷಯವಲ್ಲ. ಸಮೋವಾದ ನಮ್ಮ ಸವಾಯಿ ದ್ವೀಪದಲ್ಲಿ ಕಾರಿಲ್ಲದವರಿಗೆ ಇರುವುದು ಎರಡೇ ವಾಹನ. ಒಂದು ಸ್ವಂತ ಕಾಲು, ಇನ್ನೊಂದು ಫಿಲೆಮೋನಿಯ ಬಸ್ಸು. ಮರದ ಮೈ, ಮರದ ಬೆಂಚು. ಕಿಟಕಿಗೆ ಗಾಜಿಲ್ಲ, ಹಾಡಿಗೆ ಬರವಿಲ್ಲ. ಮೂವತ್ತಮೂರು ಜನರ ಬಸ್ಸಿನಲ್ಲಿ ಎಂಬತ್ತು ಜನ ಹೋಗುತ್ತಾರೆ, ನಿಂತವರು ಒಬ್ಬರೂ ಇರುವುದಿಲ್ಲ. ಹಿರಿಯರು ಕೂತಿರುವಾಗ ಅವರ ಮೂಗಿನ ಮುಂದೆ ಬೆನ್ನು ತಿರುಗಿಸಿ ನಿಲ್ಲುವಷ್ಟು ಸೊಕ್ಕು ನಮ್ಮಲ್ಲಿ ಯಾರಿಗೂ ಬಂದಿಲ್ಲ. ಹಿರಿಯಳೊಬ್ಬಳು ಹತ್ತಿದಳೋ, ಚಿಕ್ಕವಳು ತುಟಿ ಬಿಚ್ಚದೆ ಎದ್ದು ಜಾಗ ಕೊಟ್ಟು, ಹಿಂದೆ ಯಾವಳಾದರೊಬ್ಬಳ ತೊಡೆ ನೋಡಿಕೊಂಡು ಕೂತುಬಿಡುತ್ತಾಳೆ. ಪರಿಚಯ ಬೇಕಿಲ್ಲ, ಕೇಳಬೇಕಾಗಿಯೂ ಇಲ್ಲ. ಎರಡು ಊರು ದಾಟಿದ ಮೇಲೆ ಹೆಸರು ವಿಚಾರಿಸಿದರೆ ಅದೇ ದೊಡ್ಡ ಮರ್ಯಾದೆ.

ಇಂಥ ಬಸ್ಸಿಗೆ ಮಕೆರಿಟಾ ದೇವರು ಕೊಟ್ಟ ಸೋಫಾ ಆಗಿದ್ದಳು. ಅವಳ ಒಂದು ತೊಡೆಯ ಮೇಲೆ ಇಬ್ಬರು, ಇನ್ನೊಂದರ ಮೇಲೆ ಇಬ್ಬರು, ನಡುವಿನ ಸಂದಿಯಲ್ಲಿ ಒಂದು ಬುಟ್ಟಿ ಕೆಸುವಿನ ಗೆಡ್ಡೆ ಆರಾಮವಾಗಿ ಹಿಡಿಯುತ್ತಿದ್ದವು. ಅಲ್ಲಿ ಕೂತು ನಿದ್ದೆ ಹೋದ ನರ್ಸೊಬ್ಬಳು ತನ್ನ ಊರು ದಾಟಿ, ದ್ವೀಪವನ್ನು ಎರಡು ಸುತ್ತು ಹಾಕಿ, ಎಚ್ಚರವಾದಾಗ ನಿವೃತ್ತಿಯ ವಯಸ್ಸಿಗೆ ಬಂದಿದ್ದಳಂತೆ. ಶಾಲೆಯ ಮೇಡಂ ಒಬ್ಬರು ಅಲ್ಲಿಯೇ ಕೂತು ಪರೀಕ್ಷೆಯ ಪತ್ರಿಕೆ ತಿದ್ದಿದರು. ಮನಸ್ಸಿಗೆ ಎಷ್ಟು ಹಿತವಾಗಿತ್ತೆಂದರೆ ಆ ವರ್ಷ ಪರೀಕ್ಷೆಗೆ ಬಾರದವರೂ ಪಾಸಾದರು. ಗಂಡ ಸೆಮಿಸಿ ಒಮ್ಮೆ ಮೆಲ್ಲಗೆ ಕಾರಿನ ಮಾತೆತ್ತಿದ್ದ. “ಕಾರಾ? ಅದರಲ್ಲಿ ನಾಲ್ಕೇ ಜನ. ನನ್ನೊಬ್ಬಳ ಮೇಲೆ ಅಷ್ಟು ಜನ ಕೂರ್ತಾರೆ. ಸುಮ್ಮನಿರು” ಎಂದಳು. ಸೆಮಿಸಿ ಸುಮ್ಮನಿದ್ದ. ಮೂವತ್ತು ವರ್ಷದಿಂದ ಅವನಿಗೆ ಅದೇ ಅಭ್ಯಾಸ.

ಹೀಗಿರುವಾಗ ಅವಳ ಕಿರಿಮಗಳು ಲಾಂಗಿಯ ಮದುವೆ ಗೊತ್ತಾಯಿತು. ಗಂಡಿನ ಊರು ಜಲಸಂಧಿಯ ಆಚೆ, ಉಪೋಲು ದ್ವೀಪದ ಬಂದರಿನ ಪಕ್ಕದಲ್ಲೇ. ಮದುವೆ ಶನಿವಾರ ಮಧ್ಯಾಹ್ನ ಎರಡಕ್ಕೆ. ಸೆಮಿಸಿ, ಮದುವಣಗಿತ್ತಿ, ನೆಂಟರು, ಹಂದಿಗಳು ಎಲ್ಲ ಶುಕ್ರವಾರವೇ ಹಡಗು ಹತ್ತಿದರು. ಮಕೆರಿಟಾ ಉಳಿದಳು, ಏಕೆಂದರೆ ಚಾಪೆ ಮುಗಿದಿರಲಿಲ್ಲ.

ಕೂರುವ ಚಾಪೆಯಲ್ಲ ಅದು. ಕೇದಗೆಯ ಗರಿಯನ್ನು ನೂಲಿನಷ್ಟು ಸಣ್ಣಗೆ ಸೀಳಿ, ರೇಷ್ಮೆಯ ಹಾಗೆ ನೇಯ್ದು, ಅಂಚಿಗೆ ಕೆಂಪು ಹಕ್ಕಿಗರಿ ಕಟ್ಟಿ, ಗಂಡಿನ ಕಡೆಯವರ ಮುಂದೆ ಹರಡುವ ಚಾಪೆ. ತಾಯಿ ನೇಯ್ದ ಚಾಪೆಯಿಲ್ಲದೆ ಹೋದ ಹೆಣ್ಣು ಬರಿಗೈಯಲ್ಲಿ ಹೋದ ಹಾಗೆ. ಆ ಮಾತು ಮೊಮ್ಮಕ್ಕಳ ಕಾಲದವರೆಗೂ ಹಿಂದೆ ಬರುತ್ತದೆ. ಎರಡು ವರ್ಷ ನೇಯ್ದಿದ್ದಳು. ಕೊನೆಯ ಗರಿ ಕಟ್ಟಿದಾಗ ಶನಿವಾರ ಬೆಳಗ್ಗೆ ಎಂಟು ಗಂಟೆ. ಹಡಗು ಹನ್ನೆರಡಕ್ಕೆ. ಅದು ತಪ್ಪಿದರೆ ಮುಂದಿನದು ನಾಲ್ಕಕ್ಕೆ, ಅಷ್ಟರಲ್ಲಿ ಮದುವೆ ಮುಗಿದು ಎಲೆ ಎತ್ತಿರುತ್ತಾರೆ. ಬಂದರಿಗೆ ಇಪ್ಪತ್ತೈದು ಮೈಲಿ.

ಚಾಪೆಯನ್ನು ಸುರುಳಿ ಸುತ್ತಿ ಬಟ್ಟೆಯಲ್ಲಿ ಕಟ್ಟಿ, ಮಕೆರಿಟಾ ರಸ್ತೆ ಬದಿಯ ಜೀಗುಜ್ಜೆ ಮರದ ಕೆಳಗೆ ಬಂದು ಕೂತಳು. ಒಂಬತ್ತಕ್ಕೆ ಬರಬೇಕಾದ ಬಸ್ಸು ಒಂಬತ್ತೂವರೆಗೂ ಬರಲಿಲ್ಲ. ಹಂದಿ ತುಂಬಿದ ಪಿಕಪ್ ಒಂದು ನಿಂತಿತು.

“ಹತ್ತಮ್ಮ, ಬಂದರಿಗೇ ಹೋಗ್ತಿರೋದು” ಎಂದ ಅದರವನು.

“ಕೂರೋದೆಲ್ಲಿ?”

“ಹಿಂದೆ. ಅವೇನೂ ಮಾಡಲ್ಲ.”

“ನನಗೇನೂ ಮಾಡಲ್ಲ, ಸರಿ. ಚಾಪೆ ತಿಂತಾವಲ್ಲಪ್ಪ! ಹೋಗು, ನನಗೆ ಬಸ್ಸಿದೆ. ನಾನಿಲ್ಲದೆ ಫಿಲೆಮೋನಿ ಈ ಮರ ದಾಟಿದ್ದೇ ಇಲ್ಲ.”

ಹತ್ತಕ್ಕೆ ಕಾಲು ಗಂಟೆ ಇದೆ ಎನ್ನುವಾಗ ಬಸ್ಸು ಹಾಡುತ್ತಾ ಬಂತು. ರೇಡಿಯೋ ಹಾಡಲ್ಲ, ಬಸ್ಸೇ ಹಾಡುತ್ತಿತ್ತು. ಪಕ್ಕದ ಊರಿನ ಚರ್ಚಿನ ಅಜ್ಜಿಯರ ಗಾಯನ ಮಂಡಳಿ, ಬಿಳಿ ಉಡುಪು, ಬಿಳಿ ಹ್ಯಾಟು, ಆಚೆ ದ್ವೀಪದ ಸ್ಪರ್ಧೆಗೆ ಹೊರಟಿತ್ತು. ಮೂವತ್ತಮೂರು ಸೀಟು, ಮೂವತ್ತಮೂರು ಅಜ್ಜಿಯರು. ನಡುವಿನ ಓಣಿಯಲ್ಲಿ ಊಟದ ಬುಟ್ಟಿಗಳು, ಎಲೆ ಸುತ್ತಿದ ಒಂದು ಸುಟ್ಟ ಹಂದಿ.

ಮಕೆರಿಟಾ ಮೆಟ್ಟಿಲು ಹತ್ತಿ, ಎಂದಿನಂತೆ ಯಾರಾದರೂ ಏಳಲೆಂದು ಗಾಂಭೀರ್ಯದಿಂದ ಕಾದಳು. ಯಾರೂ ಏಳಲಿಲ್ಲ. ಎಲ್ಲರೂ ಅವಳನ್ನೇ ನೋಡುತ್ತಿದ್ದರು.

“ವಯಸ್ಸೆಷ್ಟೇ ನಿಂಗೆ?” ಎಂದಿತು ಹಿಂದಿನ ಸೀಟಿನ ಒಂದು ಹ್ಯಾಟು.

“ಅರವತ್ತೊಂದು” ಎಂದಳು ಮಕೆರಿಟಾ. ಈ ಸಂಖ್ಯೆಗೆ ಇಲ್ಲಿಯವರೆಗೆ ಎಲ್ಲ ಬಸ್ಸಿನಲ್ಲೂ ಎರಡು ಸೀಟು ಖಾಲಿಯಾಗುತ್ತಿತ್ತು.

ಬಸ್ಸಿನ ಮರದ ಮೈಯೆಲ್ಲ ಕಿರುಗುಟ್ಟುವ ಹಾಗೆ ನಗು.

“ಅಯ್ಯೋ, ಕೂಸು ಕಣ್ರೇ!”

“ನನ್ನ ಹಿರೀ ಮಗಳಿಗಿಂತ ಚಿಕ್ಕೋಳು.”

“ಬಾಯಿ ನೋಡ್ರೇ, ಹಲ್ಲೆಲ್ಲ ತನ್ನವೇ!”

ಮಕೆರಿಟಾ ಸೀಟಿನಿಂದ ಸೀಟಿಗೆ ಕಣ್ಣು ಹಾಯಿಸಿದಳು. ಅಲ್ಲಿದ್ದವರಲ್ಲಿ ತೀರಾ ಎಳೆಯವಳಿಗೇ ಎಪ್ಪತ್ತರ ಹತ್ತಿರ. ಬಸ್ಸಿನಲ್ಲಿ ತಾನೇ ಎಲ್ಲರಿಗಿಂತ ಚಿಕ್ಕವಳು. ಚಿಕ್ಕವಳು ಕೂರುವುದು ಎಲ್ಲಿ ಎಂಬುದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

“ಅಲ್ಲ ಅಲ್ಲ, ತಪ್ಪಿ ಹೇಳ್ದೆ. ಎಪ್ಪತ್ತೈದು” ಎಂದಳು.

“ಈಗ ತಾನೇ ಅರವತ್ತೊಂದು ಅಂದೆ?”

“ಬಸ್ಸಿಗೆ ಕಾಯೋಕೆ ಶುರು ಮಾಡಿದಾಗ ಅಷ್ಟಿತ್ತು ಅಜ್ಜಿ.”

“ಮಕೆರಿಟಮ್ಮ, ಕೂತ್ರೆ ಹೊರಡ್ತೀನಿ” ಎಂದ ಫಿಲೆಮೋನಿ ಕನ್ನಡಿಯಲ್ಲಿ ನೋಡುತ್ತ. “ನಿಂತ್ರೆ ಆಗಲ್ಲ. ಮರ್ಯಾದೆ ಮಾತು ಬಿಡಿ, ನನ್ನ ಚಾವಣಿ ನಿಮ್ಮ ತಲೆಯಷ್ಟು ಗಟ್ಟಿ ಇಲ್ಲ.”

“ಕೆಳಗೆ ಕೂರ್ತೀನಪ್ಪ. ಈ ಹಂದಿ ಸ್ವಲ್ಪ ಸರಿಸಿದ್ರೆ—”

“ಅದು ತೀರ್ಪುಗಾರರಿಗೆ!” ಎಂದು ಮೂವತ್ತಮೂರು ಕಂಠಗಳು ಒಂದೇ ಶ್ರುತಿಯಲ್ಲಿ ಹೇಳಿದವು.

ಆಗ ಮುಂದಿನ ಸೀಟಿನಿಂದ ಒಂದು ಸಣ್ಣ ಧ್ವನಿ ಬಂತು. “ಬಾ ಮಗಾ, ನನ್ನ ಹತ್ರ ಬಾ.”

ಅದು ಫುವಾಟಿನೋ, ಮಂಡಳಿಯ ಮುಂದಾಳು, ಊರಿನ ಮುಖಂಡನ ವಿಧವೆ, ವಯಸ್ಸು ಎಂಬತ್ತು. ಮೈ ತೆಂಗಿನ ಗರಿಯ ಕಡ್ಡಿ. ತೊಡೆ ಎಂದು ಆಕೆ ತಟ್ಟಿ ತೋರಿಸಿದ್ದು ಬಟ್ಟೆ ಒಗೆಯುವ ಹಲಗೆಗಿಂತ ಕಿರಿದಾಗಿತ್ತು. ಜೋರಾಗಿ ಗಾಳಿ ಬೀಸಿದ ದಿನ ಮೊಮ್ಮಕ್ಕಳು ಆಕೆಯ ಜೇಬಿಗೆ ಕಲ್ಲು ಹಾಕಿ ಚರ್ಚಿಗೆ ಕಳಿಸುತ್ತಿದ್ದರು.

“ಅಜ್ಜೀ, ನಿಮ್ಮನ್ನ ಸಾಯಿಸಿ ನಾನು ಮಗಳ ಮದುವೆಗೆ ಹೋಗೋಕಾಗುತ್ತಾ?”

“ಹನ್ನೊಂದು ಹೆತ್ತಿದೀನಿ. ಚಂಡಮಾರುತದಲ್ಲಿ ಮನೆ ಕಂಬ ತಬ್ಬಿಕೊಂಡು ಕೂತು, ಮನೆ ಹಾರಿಹೋಗದ ಹಾಗೆ ಹಿಡಿದಿದೀನಿ. ನೀನ್ಯಾವ ಮಹಾ? ಕೂರು. ನನ್ನ ತೊಡೆ ನಿನಗೆ ಸಾಲಲ್ವಾ?”

ಕರೆದ ತೊಡೆಯನ್ನು ಒಲ್ಲೆ ಎನ್ನುವುದು ನಮ್ಮಲ್ಲಿ ನಿಲ್ಲುವುದಕ್ಕಿಂತ ದೊಡ್ಡ ಅಪರಾಧ. ಮಕೆರಿಟಾ ಚಾಪೆ ನೋಡಿದಳು, ಸೂರ್ಯನನ್ನು ನೋಡಿದಳು, ಇಪ್ಪತ್ತೈದು ಮೈಲಿಯನ್ನು ಮನಸ್ಸಿನಲ್ಲೇ ನಡೆದು ಸುಸ್ತಾದಳು. ಚಾಪೆ ಅಜ್ಜಿಯರ ಕೈಯಿಂದ ಕೈಗೆ ಹೋಗಿ ಐವರ ತೊಡೆಗಳ ಮೇಲೆ ಮಹಾರಾಣಿಯ ಹಾಗೆ ಮಲಗಿತು. ಮಕೆರಿಟಾ ಕಣ್ಣು ಮುಚ್ಚಿ ಬಗ್ಗಿದಳು. ಬಸ್ಸು ಹೊರಟಿತು.

ನಿಜ ಹೇಳಬೇಕೆಂದರೆ ಅವಳು ಕೂರಲಿಲ್ಲ. ಕಿಟಕಿಯ ಕಂಬಿ ಹಿಡಿದು, ಮೊಣಕಾಲು ಮಡಿಸಿ, ಅಜ್ಜಿಯ ತೊಡೆಗೆ ನಾಲ್ಕು ಬೆರಳು ಮೇಲೆ ತೂಗಾಡುತ್ತಿದ್ದಳು. ಒಂದು ಮೈಲಿ ಹೋಗುವಷ್ಟರಲ್ಲಿ ಬೆವರು ಹಿಮ್ಮಡಿಗೆ ಇಳಿಯಿತು.

“ಕೂತ್ಯಾ?” ಎಂದಳು ಫುವಾಟಿನೋ.

“ಕೂತೆ ಅಜ್ಜಿ.”

“ಸುಳ್ಳು. ನನ್ನ ತೊಡೆಗೆ ತಂಗಾಳಿ ಬೀಸ್ತಿದೆ.”

ಎರಡನೆಯ ಮೈಲಿಯಲ್ಲಿ ಒಂದು ಗುಂಡಿ ಬಂತು. ನಮ್ಮ ರಸ್ತೆಯ ಗುಂಡಿಗಳಿಗೆ ಸ್ವಂತ ಹೆಸರುಗಳಿವೆ. ಇದು ಆ ಪೈಕಿ ದೊಡ್ಡಣ್ಣ. ಬಸ್ಸು ಕೆಳಗಿಳಿದು ಮೇಲೆ ಬಂತು. ಮಕೆರಿಟಾ ಮೇಲೆ ಹೋಗಿ ಕೆಳಗೆ ಬಂದಳು. ಪೂರ್ತಿ ಬಂದಳು. ಹಾಡು ನಿಂತಿತು. ಫಿಲೆಮೋನಿ ಬ್ರೇಕು ಒತ್ತಿದ. ಹಿಂದೆ ಯಾರೋ ಅಂತಿಮ ಪ್ರಾರ್ಥನೆಯ ಮೊದಲ ಸಾಲು ಆರಂಭಿಸಿದರು.

ಮಕೆರಿಟಾಳ ಕೆಳಗಿನಿಂದ ಧ್ವನಿ ಬಂತು: “ಹ್ಞಾ. ಈಗ ಸರಿಯಾಯ್ತು. ನೀನು ಹೊರಡಪ್ಪ, ಗಾಡಿ ಯಾಕೆ ನಿಲ್ಲಿಸ್ದೆ?”

ಬಸ್ಸು ಮತ್ತೆ ಹೊರಟಿತು. ಹಿಂದಿನಿಂದ ಎರಡು ಕಡ್ಡಿ ಕೈಗಳು ಬಂದು ಮಕೆರಿಟಾಳ ಹೊಟ್ಟೆಯನ್ನು ಬಳಸಿದವು. ಅರ್ಧ ದಾರಿಗೇ ಮುಗಿದವು, ಆದರೂ ಬಿಗಿಯಾಗಿ ಹಿಡಿದವು. ಯಾರೋ ಒಂದು ಸುಲಿದ ಬಾಳೆಹಣ್ಣು ಅವಳ ಬಾಯಿಗಿಟ್ಟರು. ಇನ್ಯಾರೋ ಕೆನ್ನೆಗೆ ಬಿದ್ದ ಕೂದಲು ಸರಿಪಡಿಸಿದರು. “ಪಾಪ, ಎಷ್ಟು ದಿನದಿಂದ ನಿದ್ದೆ ಇಲ್ವೋ ಮಗೂಗೆ” ಎಂದರು. ಮೂವತ್ತು ವರ್ಷ ಇಡೀ ದ್ವೀಪವನ್ನು ಹೊತ್ತವಳಿಗೆ ತನ್ನನ್ನು ಇನ್ನೊಬ್ಬರು ಹೊರುವುದು ಹೇಗಿರುತ್ತದೆಂದು ಗೊತ್ತಿರಲಿಲ್ಲ. ಮೂರು ಊರು ದಾಟುವಷ್ಟರಲ್ಲಿ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದಳು. ಅಜ್ಜಿಯರು ಗೊರಕೆಯ ತಾಳಕ್ಕೆ ಸರಿಯಾಗಿ ಸ್ಪರ್ಧೆಯ ಹಾಡನ್ನು ಅಭ್ಯಾಸ ಮಾಡಿದರು. ಇಷ್ಟು ಒಳ್ಳೆ ತಾಳ ತಮಗೆ ಹಿಂದೆಂದೂ ಸಿಕ್ಕಿರಲಿಲ್ಲವೆಂದು ಆಮೇಲೆ ಹೇಳಿಕೊಂಡರು.

ಅವಳು ನಿದ್ದೆ ಮಾಡುತ್ತಿದ್ದಾಗ ಫಿಲೆಮೋನಿ ತನ್ನ ಎಂದಿನ ಕೆಲಸಗಳನ್ನೆಲ್ಲ ಮಾಡಿದ. ಅತ್ತೆ ಮನೆಗೆ ಒಂದು ಪಾತ್ರೆ ಕೊಟ್ಟ, ಅಲ್ಲಿ ಕೋಕೋ ಕುಡಿದ, ಒಬ್ಬ ಅಜ್ಜಿ ಮರೆತು ಬಂದ ಕನ್ನಡಕಕ್ಕಾಗಿ ನಾಲ್ಕು ಮೈಲಿ ಹಿಂದೆ ಹೋದ. ಕನ್ನಡಕ ಆಕೆಯ ಹ್ಯಾಟಿನ ಮೇಲೆಯೇ ಇತ್ತು. ಹೀಗಾಗಿ ಮಕೆರಿಟಾಳಿಗೆ ಎಚ್ಚರವಾದದ್ದು ಹಡಗಿನ ಸಿಳ್ಳೆಗೆ. ಬಂದರಿನಲ್ಲಿ ಹನ್ನೆರಡು ಹೊಡೆದು ಆಗಿತ್ತು. ಹಡಗಿನ ಬಾಗಿಲಿನ ದೊಡ್ಡ ಹಲಗೆ ಇನ್ನೂ ಕೆಳಗಿತ್ತು, ಆದರೆ ಇಬ್ಬರು ನಾವಿಕರು ಅದನ್ನು ಮೇಲೆತ್ತುವ ಸರಪಳಿಗೆ ಕೈ ಹಾಕಿದ್ದರು.

ಅಜ್ಜಿಯರು ಹಂದಿಯೊಂದಿಗೆ ಇಳಿದು ಓಡಿದರು. ಬಸ್ಸಿನಲ್ಲಿ ಉಳಿದದ್ದು ಇವರಿಬ್ಬರು, ಬೆಂಚಿನ ಮೇಲೆ ಚಾಪೆ.

“ಏಳೇ ಮಗಾ!”

“ಏಳೋಕೆ ಕಾಲೇ ಇಲ್ಲ ಅಜ್ಜಿ. ಎರಡೂ ಜೋಮು ಹಿಡಿದಿವೆ!”

“ನನ್ನವು ಎಲ್ಲಿವೆ ಅಂತಾನೇ ಗೊತ್ತಾಗ್ತಿಲ್ಲ. ನಾಲ್ಕು ಕಾಲಿದ್ದು ಒಂದೂ ಕೆಲಸಕ್ಕೆ ಬರಲ್ಲ ಅಂದ್ರೆ!”

ಸರಪಳಿ ಗರಗರ ಎಂದಿತು. ಮಕೆರಿಟಾಳ ಕಣ್ಣಲ್ಲಿ ನೀರು ಬಂತು. ಬರಿಗೈಯಲ್ಲಿ ನಿಂತ ಲಾಂಗಿ ಕಣ್ಣೆದುರು ಬಂದಳು. “ಹೋಯ್ತು ಅಜ್ಜಿ. ಎರಡು ವರ್ಷ ನೇಯ್ದಿದ್ದು ಹೋಯ್ತು.”

ಫುವಾಟಿನೋ ಕಿಟಕಿಯಿಂದ ಕತ್ತು ಹೊರಗೆ ಹಾಕಿ, ಇಡೀ ಬಂದರಿಗೆ ಕೇಳುವ ಹಾಗೆ ಶ್ರುತಿ ಹಿಡಿದಳು. ಹಲಗೆಯ ಮೇಲಿದ್ದ ಮೂವತ್ತೆರಡು ಅಜ್ಜಿಯರು ನಿಂತಲ್ಲೇ ತಿರುಗಿ ಸ್ತೋತ್ರ ಎತ್ತಿದರು. ನಾವಿಕರ ಕೈ ಸರಪಳಿಯಿಂದ ಜಾರಿತು. ಟೋಪಿಗಳು ತಲೆಯಿಂದ ಇಳಿದವು. ಸ್ತೋತ್ರ ನಡೆಯುವಾಗ ಸರಪಳಿ ಎಳೆಯುವ ಗಂಡಸು ನಮ್ಮ ದೇಶದಲ್ಲಿ ಇನ್ನೂ ಹುಟ್ಟಿಲ್ಲ. ಮೀನು ಮಾರುವವಳು ಮೀನು ಕೆಳಗಿಟ್ಟಳು. ಮೇಲೆ ಕ್ಯಾಪ್ಟನ್ ಕಣ್ಣು ಮುಚ್ಚಿ ನಿಂತ.

ಮೊದಲ ಚರಣದಲ್ಲಿ ಮಕೆರಿಟಾ ಎದ್ದಳು. ಎರಡನೆಯದರಲ್ಲಿ ಇಬ್ಬರೂ ಬಸ್ಸಿನಿಂದ ಇಳಿದರು. ಮೂರು ಮತ್ತು ನಾಲ್ಕರಲ್ಲಿ, ಒಂದು ಕಂಕುಳಲ್ಲಿ ಚಾಪೆ, ಇನ್ನೊಂದರಲ್ಲಿ ಫುವಾಟಿನೋ, ಏಡಿಯ ಹಾಗೆ ಅಡ್ಡಡ್ಡ ನಡೆದರು. ಐದನೆಯ ಚರಣ ಮುಗಿದಾಗ ಇನ್ನೂ ಇಪ್ಪತ್ತು ಹೆಜ್ಜೆ ಬಾಕಿಯಿತ್ತು. ನಾವಿಕನೊಬ್ಬ ಸರಪಳಿಯ ಕಡೆ ನೋಡಿದ. ಫುವಾಟಿನೋ ಕಂಕುಳಿನಿಂದಲೇ ಮೊದಲ ಚರಣ ಮತ್ತೆ ಎತ್ತಿದಳು.

“ಅಜ್ಜೀ, ಇದಕ್ಕೆ ಒಟ್ಟು ಎಷ್ಟು ಚರಣ?” ಎಂದು ಕ್ಯಾಪ್ಟನ್ ಮೇಲಿನಿಂದ ಮೆಲ್ಲಗೆ ಕೇಳಿದ.

“ಈ ಮಗು ಹತ್ತೋವರೆಗೆ ಎಷ್ಟಾಗುತ್ತೋ ಅಷ್ಟು!”

ಎರಡು ಗಂಟೆಗೆ ಹತ್ತು ನಿಮಿಷ ಇರುವಾಗ ಮಕೆರಿಟಾ ಮದುವೆ ಮನೆ ತಲುಪಿದಳು. ಚಾಪೆ ಬಿಚ್ಚಿ ಹಿಡಿದಾಗ ಗಾಳಿಗೆ ಅದು ನೀರಿನ ಹಾಗೆ ಅಲುಗಿತು. ಗಂಡಿನ ಕಡೆಯ ಹೆಂಗಸರು ಕೂಗಿಟ್ಟು ಕೊಂಡಾಡಿದರು. ಲಾಂಗಿ ಅತ್ತಳು, ಸೆಮಿಸಿ ಸುಮ್ಮನಿದ್ದ.

ಊಟದ ಹೊತ್ತಿಗೆ ಮಕೆರಿಟಾ ಕೂತ ಸುದ್ದಿ ಪ್ರತಿಯೊಂದು ಎಲೆಗೂ ಬಡಿಸಿಯಾಗಿತ್ತು. ಆಗಲೇ ಮದುಮಗನ ಸೋದರಮಾವ ಯಾಕೋಪೋನ ಸವಾರಿ ಬಂತು. ಆತ ವಿದೇಶದಲ್ಲಿ ದುಡಿದು ಹಡಗಿನಲ್ಲಿ ಕಾರು ತಂದವನು. ದ್ವೀಪದಲ್ಲಿ ಅಂಥ ಹೊಳಪು ಇನ್ನೊಂದಿರಲಿಲ್ಲ. ಆತ ಒಳಗೆ ಕೂತು ಸ್ಟೀರಿಂಗ್ ಹಿಡಿದಿದ್ದ. ಹಿಂದಿನಿಂದ ಮದುವೆಯ ಬಟ್ಟೆಯಲ್ಲಿದ್ದ ಆರು ಜನ ಬೆವರು ಸುರಿಸುತ್ತ ಕಾರು ತಳ್ಳುತ್ತಿದ್ದರು. ಅವರಲ್ಲಿ ಒಬ್ಬ ಪಾದ್ರಿ.

ಯಾಕೋಪೋ ಇಳಿದು ಸುದ್ದಿ ಕೇಳಿ, ಹೊಟ್ಟೆ ಹಿಡಿದು ನಕ್ಕ. “ಏನು ಬೀಗಿತಿ, ಯಾರ ತೊಡೆ ಮೇಲೂ ಕೂರಲ್ಲ ಅಂತ ಜಂಬ ಕೊಚ್ತಿದ್ರಂತೆ. ಈಗ ಎಂಬತ್ತು ವರ್ಷದ ಮುದುಕಿ ಮೇಲೆ ಕೂತ್ಕೊಂಡು ಬಂದ್ರಂತಲ್ಲ!”

“ಕೂತೆ ಬೀಗ್ರೇ, ನಿಜ” ಎಂದಳು ಮಕೆರಿಟಾ, ಹಂದಿಯ ಮೂಳೆ ಚೀಪುತ್ತ. “ಎಂಬತ್ತು ವರ್ಷದ ಹಳೇ ಮಾಡೆಲ್ಲು. ಇಪ್ಪತ್ತೈದು ಮೈಲೀಲಿ ಒಂದ್ಸಲಾನೂ ‘ಇಳಿದು ತಳ್ಳು’ ಅನ್ಲಿಲ್ಲ.”